ಮಿಲಿಟರಿ ತಾತನ ಕುದುರೆ

ಇಲ್ಲಿ ಏನೂ ಬರೆಯದೆ ತುಂಬಾ ದಿನ ಆಯ್ತು. ಆಫೀಸಿನಲ್ಲಿ ರಿಲೀಸು, ಅದು ಇದು ಅಂತ ನೆಪ ಹೇಳಬಹುದು. ನಿಜ ಅಂದ್ರೆ ಸೋಮಾರಿತನ ಅಷ್ಟೆ :-) ಈ ಸಲ ಯುಗಾದಿಗೆ ಊರಿಗೆ ಹೋಗಿ ಬಂದಾಗಿನಿಂದ ಒಂದು ವಿಷಯ ತಲೆ ಕೊರೀತಾ ಇದೆ. ಸ್ವಲ್ಪ ಉದ್ದ ಇದೆ, ಕಾಫಿ ಪಕ್ಕಕ್ಕಿಟ್ಟುಕೊಂಡು ಓದಿ.

ಹಬ್ಬಕ್ಕೆ ಮನೆ ಸುಣ್ಣ ಬಳಿಯುವಾಗ ಅಟ್ಟದ ಮೇಲಿಂದ ಒಂದು ಹಸಿರು ಬಣ್ಣದ ಕಬ್ಬಿಣದ ಟ್ರಂಕು ಇಳಿಸಿದ್ವಿ. ಒಳಗೆ ಒಂದು ಡಿಸ್ಚಾರ್ಜ್ ಬುಕ್ಕು, ನುಸಿ ತಿಂದ ಕಂಬಳಿ, ಮತ್ತೆ ಹಿಡಿಕೆ ಇರುವ, ಸಾಲುಸಾಲು ಹಲ್ಲುಗಳ ಒಂದು ತಗಡಿನ ವಸ್ತು. ತೆಂಗಿನಕಾಯಿ ತುರಿಯುವ ಮಣೆಯ ದೂರದ ಸಂಬಂಧಿ ಥರ ಇತ್ತು. ಏನಿದು ಅಂತ ಕೇಳಿದೆ. "ಕುದುರೆ ಮೈ ಉಜ್ಜೋ ಖರಾರ, ನಿಮ್ಮ ಮಿಲಿಟರಿ ತಾತಂದು" ಅಂದ್ರು ಅಪ್ಪ. ಹಳೇ ಕಬ್ಬಿಣದವನು ಬಂದಾಗ ಹಾಕಿದ್ರಾಯ್ತು ಅಂದಳು ಅಮ್ಮ. ಅದು ಈಗ ಬೆಂಗಳೂರಿನ ನನ್ನ ರೂಮಿನ ಮೇಜಿನ ಮೇಲಿದೆ.

ನಮ್ಮೂರು ಸಂಗನಕಲ್ಲು, ಬಳ್ಳಾರಿಯ ಪಕ್ಕ. ಪುರಾತತ್ವ ಓದಿದವರಿಗೆ ಹೆಸರು ಗೊತ್ತಿರುತ್ತೆ, ಉಳಿದವರಿಗೆ ಬಸ್ಸಿನ ಬೋರ್ಡು ಮಾತ್ರ. ನಾಲ್ಕೈದು ಸಾವಿರ ವರ್ಷದ ಹಿಂದೆ ಇಲ್ಲಿನ ಗುಡ್ಡದ ಮೇಲೆ ಜನ ಕಲ್ಲಿನ ಕೊಡಲಿ ಮಾಡುತ್ತಿದ್ದರು. ರಾಬರ್ಟ್ ಬ್ರೂಸ್ ಫೂಟ್ ಬಂದು ನೋಡಿದ್ದು ಹತ್ತೊಂಬತ್ತನೇ ಶತಮಾನದಲ್ಲಿ, ಸುಬ್ಬರಾವ್ ಅವರು ಅಗೆದು ನೋಡಿದ್ದು 1948ರಲ್ಲಿ. ಆಚೆ ಕಪ್ಪಗಲ್ಲಿನ ಕರಿ ಬಂಡೆಗಳ ಮೇಲೆ ಉದ್ದ ಕೊಂಬಿನ, ಹಿಣಿಲಿನ ಎತ್ತುಗಳನ್ನು ಕುಟ್ಟಿ ಕುಟ್ಟಿ ಚಿತ್ರ ಮಾಡಿದ್ದಾರೆ. ಕೆಲವು ಬಂಡೆ ಬಡಿದರೆ ಗಂಟೆ ಥರ ನಾದ ಬರುತ್ತೆ. ಚಿಕ್ಕವರಿದ್ದಾಗ ನಮಗೆ ಅದೇ ಆಟ. ಆ ಚಿತ್ರಗಳಲ್ಲಿ ಮನುಷ್ಯರು ಕಡಿಮೆ, ದನಗಳೇ ಜಾಸ್ತಿ. ಯಾವುದರ ಜೊತೆ ದಿನಾ ಬದುಕುತ್ತಿದ್ದರೋ ಅದನ್ನೇ ಬರೆದಿದ್ದಾರೆ.

ಅದೇ ಗುಡ್ಡಗಳ ಸುತ್ತಮುತ್ತ ಕಲ್ಲು ಕ್ವಾರಿ. ನಮ್ಮ ಬಾಲ್ಯದ ಗಡಿಯಾರ ಅದು. ಡಬ್ ಅಂತ ಸಿಡಿತದ ಸದ್ದು ಬಂತು ಅಂದ್ರೆ ಹೊತ್ತು ಎಷ್ಟಾಯ್ತು ಅಂತ ಹೇಳಬಹುದಿತ್ತು. ಮನೆಯಲ್ಲಿ ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ, ಮಿಲಿಟರಿ ತಾತನನ್ನು ಬಿಟ್ಟು.

ಮಿಲಿಟರಿ ತಾತ ನಮ್ಮ ಅಜ್ಜಿಯ ತಮ್ಮ. 1962ರಲ್ಲಿ ನೇಫಾದಲ್ಲಿದ್ದವನು, ಅಂದ್ರೆ ಈಗಿನ ಅರುಣಾಚಲ ಪ್ರದೇಶದಲ್ಲಿ. ಬಂದೂಕಿಗಿಂತ ಹಗ್ಗ ಹಿಡಿದದ್ದೇ ಹೆಚ್ಚು. ಹೇಸರಗತ್ತೆಗಳ ಮೇಲೆ ಸಾಮಾನು ಹೊರಿಸಿ ಬೆಟ್ಟ ಹತ್ತಿಸುವ ಕೆಲಸ. ಆ ಚಳಿಗಾಲದಲ್ಲಿ ಏನು ನೋಡಿದ, ಯಾರನ್ನು ಬಿಟ್ಟು ಬಂದ, ಯಾರಿಗೂ ಹೇಳಲಿಲ್ಲ. ಪಿಂಚಣಿ ತಗೊಂಡು ಊರಿಗೆ ಬಂದ, ಮದುವೆ ಬೇಡ ಅಂದ, ನಮ್ಮ ಹಿತ್ತಲ ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ ಉಳಿದ. ರಾತ್ರಿ ಕೂಗಿಕೊಂಡು ಎದ್ದು ಕೂರುತ್ತಿದ್ದ. ದೀಪಾವಳಿ ಮೂರು ದಿನ ಹೊರಗೆ ಬರುತ್ತಿರಲಿಲ್ಲ. ಗಾಳಿ ಸೋಕಿದೆ ಅಂತ ಅಜ್ಜಿ ತಾಯಿತ ಕಟ್ಟಿಸಿದಳಂತೆ. ನಾವು ಹುಡುಗರು ಕ್ವಾರಿ ಸಿಡಿದಾಗ ಅವನು ಬೆಚ್ಚಿ ಬೀಳೋದನ್ನ ನೋಡಲಿಕ್ಕೆ ಅಂತಲೇ ಹಿತ್ತಲಿಗೆ ಹೋಗುತ್ತಿದ್ವಿ. ನೋಡಿ ನಗುತ್ತಿದ್ವಿ. ಇದನ್ನು ಇವತ್ತು ಬರೆಯುವಾಗ ಕೈ ತಡೆಯುತ್ತೆ.

ಬಳ್ಳಾರಿಯಲ್ಲಿ ಆಟೋ ಜಾಸ್ತಿಯಾಗಿ ಜಟಕಾ ಬಂಡಿಯವರು ಕುದುರೆ ಮಾರುತ್ತಿದ್ದ ಕಾಲ. ಕೌಲ್ ಬಜಾರಿನಿಂದ ತಾತ ಒಂದು ಮುದಿ ಕುದುರೆ ಹಿಡಿದುಕೊಂಡು ಬಂದ. ಕಂದು ಬಣ್ಣ, ಒಂದು ಕಣ್ಣಿಗೆ ಪೊರೆ, ಬೆನ್ನ ಮೇಲೆ ಜೀನು ಉಜ್ಜಿದ ಗಾಯ. ಪಿಂಚಣಿ ದುಡ್ಡೆಲ್ಲ ಹುರುಳಿಗೆ ಹೋಗುತ್ತೆ ಅಂತ ಅಜ್ಜಿ ಬೈದಳು. ತಾತ ಬೆಳಿಗ್ಗೆ ಐದಕ್ಕೆ ಎದ್ದು ಲದ್ದಿ ಬಾಚಿ, ಗೊರಸು ಎತ್ತಿ ಮಣ್ಣು ಕೆದಕಿ, ಖರಾರದಲ್ಲಿ ಮೈ ಉಜ್ಜುತ್ತಿದ್ದ. ಮನುಷ್ಯರ ಜೊತೆ ದಿನಕ್ಕೆ ಹತ್ತು ಮಾತಾಡದವನು ಅದರ ಜೊತೆ ಒಂದು ಗಂಟೆ ಮಾತಾಡುತ್ತಿದ್ದ.

"ತಾತ, ಅದಕ್ಕೇನು ಅರ್ಥ ಆಗ್ತತಾ?" ಅಂತ ಒಮ್ಮೆ ಕೇಳಿದ್ದೆ.

"ಅದು ಕೇಳ್ತತೆ. ತಿರುಗಿ ಏನೂ ಕೇಳಂಗಿಲ್ಲ" ಅಂದಿದ್ದ.

ಆಗ ನನಗೆ ಇದು ಒಗಟಿನ ಥರ ಅನಿಸಿತ್ತು.

ಇನ್ನೊಂದು ದೃಶ್ಯ ನೆನಪಿದೆ. ಕ್ವಾರಿ ಸಿಡಿದರೆ ಕುದುರೆಯೂ ಬೆದರುತ್ತಿತ್ತು. ಕಿವಿ ಹಿಂದಕ್ಕೆ ಮಡಚಿ, ಹಗ್ಗ ಜಗ್ಗಿ, ಗೂಟ ಕೀಳುವ ಹಾಗೆ ಹಾರುತ್ತಿತ್ತು. ತಾತನೂ ಬೆಚ್ಚುತ್ತಿದ್ದ. ಆದರೆ ಮರುಕ್ಷಣ ಅದರ ಹತ್ತಿರ ಹೋಗಿ ಕುತ್ತಿಗೆಗೆ ಕೈ ಹಾಕಿ "ಏನಿಲ್ಲ ಬಿಡು... ಏನಿಲ್ಲ... ಏನಿಲ್ಲ" ಅನ್ನುತ್ತಿದ್ದ. ಕುದುರೆ ಉಸಿರು ತಗ್ಗುವ ತನಕ ಅಲ್ಲೇ ನಿಲ್ಲುತ್ತಿದ್ದ. ಆಮೇಲಾಮೇಲೆ ನಾವು ನೋಡಿ ನಗುವಂಥದ್ದು ಅಲ್ಲೇನೂ ಇರುತ್ತಿರಲಿಲ್ಲ. ಹೋಗೋದು ಬಿಟ್ವಿ.

*

ಊರಿಂದ ಬಂದ ಮೇಲೆ ಒಂದು ಭಾನುವಾರ ಜೆ.ಸಿ. ನಗರಕ್ಕೆ ಹೋಗಿದ್ದೆ. ಅಲ್ಲಿ ಮೈಸೂರು ಲ್ಯಾನ್ಸರ್ಸ್ ಅಶ್ವದಳದ ಸ್ಮಾರಕ ಇದೆ. ಆ ದಾರಿಯಲ್ಲಿ ಎಷ್ಟು ಸಲ ಕ್ಯಾಬಿನಲ್ಲಿ ನಿದ್ದೆ ಮಾಡಿಕೊಂಡು ಹೋಗಿದ್ದೇನೋ, ಇಳಿದು ನೋಡಿದ್ದು ಇದೇ ಮೊದಲು. ಮೊದಲ ಮಹಾಯುದ್ಧದಲ್ಲಿ ಸತ್ತ ಮೈಸೂರಿನ ರಾವುತರ ನೆನಪಿನ ಕಲ್ಲು ಅದು.

ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. 1914ರಲ್ಲಿ ಯುದ್ಧ ಶುರುವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರು 50 ಲಕ್ಷ ರೂಪಾಯಿ ಕೊಟ್ಟರು, ಜೊತೆಗೆ ಅಶ್ವದಳವನ್ನೂ ಕಳಿಸಿದರು. ಸೂಯೆಜ್ ಕಾಲುವೆ ಕಾಯುವುದರಿಂದ ಶುರುವಾಗಿ ಗಾಜಾ, ಪ್ಯಾಲೆಸ್ಟೈನ್ ಅಂತ ನಾಲ್ಕು ವರ್ಷ. 1918ರ ಸೆಪ್ಟೆಂಬರ್ 23ರಂದು ಜೋಧಪುರ ಮತ್ತು ಮೈಸೂರಿನ ಲ್ಯಾನ್ಸರ್‌ಗಳು ಈಟಿ ಹಿಡಿದು ಹೈಫಾ ಪಟ್ಟಣ ಗೆದ್ದರು. ಎದುರಿಗೆ ಟರ್ಕಿಯವರ, ಜರ್ಮನರ ಮಷಿನ್ ಗನ್ನುಗಳು. ಮೈಸೂರಿನವರ ಒಂದು ತುಕಡಿ ಕಾರ್ಮೆಲ್ ಬೆಟ್ಟ ಹತ್ತಿ ಮೇಲಿದ್ದ ಫಿರಂಗಿಗಳ ಮೇಲೆ ನುಗ್ಗಿತು. ಕಲ್ಲು ಗುಡ್ಡದಲ್ಲಿ ಕುದುರೆ ಏರಿಸುವುದು ಅಂದರೇನು ಅಂತ ಬಳ್ಳಾರಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅವತ್ತು 1350 ಸೈನಿಕರು ಸೆರೆ ಸಿಕ್ಕರು, 17 ಫಿರಂಗಿ, 11 ಮಷಿನ್ ಗನ್ನು ಕೈಗೆ ಬಂದವು. ಜೋಧಪುರದ ಮೇಜರ್ ದಳಪತ್ ಸಿಂಗ್ ಸತ್ತಿದ್ದು ಅಲ್ಲೇ.

ಈ ಲೆಕ್ಕವನ್ನು ಎಲ್ಲರೂ ಬರೆಯುತ್ತಾರೆ. ಅದರ ಕೆಳಗಿನ ಇನ್ನೊಂದು ಲೆಕ್ಕ ನೋಡಿ. ಅವತ್ತು ದಳದಲ್ಲಿ ಸತ್ತವರು 8 ಜನ, ಗಾಯಗೊಂಡವರು 34. ಸತ್ತ ಕುದುರೆ 60, ಗಾಯಗೊಂಡ ಕುದುರೆ 83.

ಗುಂಡು ಮೊದಲು ತಾಕಿದ್ದು ಯಾರಿಗೆ ಅನ್ನೋದು ಅಂಕಿಯಲ್ಲೇ ಇದೆ. ಅಶ್ವದಳದಲ್ಲಿ ಕುದುರೆ ಬರೀ ವಾಹನ ಅಲ್ಲ. ಮೊದಲು ಕುದುರೆಗೆ ನೀರು, ಮೇವು, ಮಾಲೀಸು, ಆಮೇಲೆ ಸೈನಿಕನ ಊಟ. ಮರುಭೂಮಿಯಲ್ಲಿ ನೀರಿಲ್ಲದ ದಿನವೂ ಇದೇ ಸಾಲು. ದಿನಕ್ಕೆ ಎರಡು ಮೂರು ಸಲ ಮೈ ಉಜ್ಜಬೇಕು, ಗೊರಸು ನೋಡಬೇಕು, ಲಾಳ ಸಡಿಲಾಗಿದೆಯಾ ಅಂತ ಬೆರಳಾಡಿಸಬೇಕು, ಜೀನಿನ ಕೆಳಗೆ ಹುಣ್ಣಾಗಿದೆಯಾ ಅಂತ ತಡಕಬೇಕು. ನಾಲ್ಕು ವರ್ಷ ಪ್ರತಿ ದಿನ ಇನ್ನೊಂದು ಜೀವದ ಮೈ ಮುಟ್ಟಿ ಅದರ ಕ್ಷೇಮ ನೋಡುವ ಕೆಲಸ. ಯುದ್ಧದ ಚರಿತ್ರೆ ಬರೆಯುವವರಿಗೆ ನಾಗಾಲೋಟದ ಹತ್ತು ನಿಮಿಷ ಕಾಣುತ್ತೆ, ಲಾಯದ ಸಾವಿರ ಗಂಟೆ ಕಾಣಲ್ಲ.

ಮೈಸೂರಿಗೆ ಇದೇನು ಹೊಸದಲ್ಲ. ಅದಕ್ಕೂ ಮುಂಚೆ ಸಿಲ್ಲೇದಾರರ ಕುದುರೆ ಪಡೆ ಇತ್ತು, 1803ರ ಅಸ್ಸಾಯೆ ಯುದ್ಧದಲ್ಲಿ ವೆಲ್ಲೆಸ್ಲಿ ಜೊತೆ ಇದ್ದವರು ಇವರೇ. ಸಿಲ್ಲೇದಾರ ಅಂದರೆ ಸ್ವಂತ ಕುದುರೆ ತಂದು ಕೆಲಸಕ್ಕೆ ಸೇರುವವನು. ಕುದುರೆ ಸತ್ತರೆ ಅವನ ಮನೆಯ ಆಸ್ತಿಯೇ ಹೋದ ಹಾಗೆ. ಯುದ್ಧ ಮುಗಿದ ಮೇಲೆ ಅದೇ ಕುದುರೆ ಹತ್ತಿ ಊರಿಗೆ ಬರುತ್ತಿದ್ದ. ಈ ಕೊನೆಯ ಮಾತು ಮುಖ್ಯ, ಸ್ವಲ್ಪ ನೆನಪಿಟ್ಟುಕೊಳ್ಳಿ.

(ಇಲ್ಲಿ ಒಂದು ತಪ್ಪೊಪ್ಪಿಗೆ: ಬಳ್ಳಾರಿ ಆಗ ಮೈಸೂರಿನದ್ದಲ್ಲ, ಮದ್ರಾಸ್ ಪ್ರಾಂತ್ಯ. ನಾವು ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ. ಹಾಗಾಗಿ ಹೈಫಾ ಕೀರ್ತಿಯಲ್ಲಿ ಪಾಲು ಕೇಳಲ್ಲ :-) ಆದರೆ ಅದೇ ಯುದ್ಧದ ಟರ್ಕಿ ಕೈದಿಗಳನ್ನು ತಂದು ಇಟ್ಟಿದ್ದ ಊರುಗಳಲ್ಲಿ ಬಳ್ಳಾರಿಯೂ ಒಂದು. ಮೈಸೂರಿನವರು ಅಲ್ಲಿಗೆ ಹೋದರು, ಅವರು ನಮ್ಮ ಬಿಸಿಲಿಗೆ ಬಂದರು.)

ದೆಹಲಿಯ ತೀನ್ ಮೂರ್ತಿ ನೋಡಿದ್ದೀರಲ್ಲ? ಮೈಸೂರು, ಜೋಧಪುರ, ಹೈದರಾಬಾದ್ ಅಶ್ವದಳಗಳಿಗಾಗಿ 1922ರಲ್ಲಿ ನಿಲ್ಲಿಸಿದ್ದು. 2018ರಲ್ಲಿ ಆ ವೃತ್ತದ ಹೆಸರಿಗೆ ಹೈಫಾ ಸೇರಿಸಿದರು. ಮೂರು ಜನ ಈಟಿ ಹಿಡಿದು ನಿಂತಿದ್ದಾರೆ. ನೆಲದ ಮೇಲೆ ನಿಂತಿದ್ದಾರೆ. ಅಶ್ವದಳದ ಸ್ಮಾರಕದಲ್ಲಿ ಕುದುರೆಯೇ ಇಲ್ಲ!

*

ಯುದ್ಧ ಮುಗಿದ ಮೇಲೆ ಆ ಕುದುರೆಗಳಿಗೆ ಏನಾಯ್ತು? ಬ್ರಿಟಿಷ್ ಸೈನ್ಯ ಈಜಿಪ್ಟಿನಲ್ಲಿದ್ದ ಕುದುರೆಗಳನ್ನು ವಾಪಸ್ ಸಾಗಿಸುವುದು ದುಬಾರಿ ಅಂತ ಲೆಕ್ಕ ಹಾಕಿತು. ಮುದಿಯಾದವನ್ನು ಗುಂಡಿಟ್ಟು ಕೊಂದರು, ಕೆಲವನ್ನು ಬೇರೆ ದಳಗಳಿಗೆ ಕೊಟ್ಟರು, ಸಾವಿರಾರನ್ನು ಕೈರೋ ಬೀದಿಯಲ್ಲಿ ಮಾರಿದರು. ನಾಲ್ಕು ವರ್ಷ ಜೀವ ಉಳಿಸಿದ್ದ ಪ್ರಾಣಿಯನ್ನು ಸಂತೆಯಲ್ಲಿ ಬಿಟ್ಟು ಸೈನಿಕ ಹಡಗು ಹತ್ತಿದ. ಸಿಲ್ಲೇದಾರನ ಹಾಗೆ ಕುದುರೆ ಜೊತೆ ಮನೆಗೆ ಬರುವ ಕಾಲ ಮುಗಿದಿತ್ತು. 1930ರಲ್ಲಿ ಡೊರೊಥಿ ಬ್ರೂಕ್ ಅನ್ನುವ ಹೆಂಗಸು, ಒಬ್ಬ ಬ್ರಿಗೇಡಿಯರನ ಹೆಂಡತಿ, ಕೈರೋಗೆ ಬಂದಾಗ ಆ ಕುದುರೆಗಳು ಇನ್ನೂ ಕಲ್ಲಿನ ಗಾಡಿ ಎಳೆಯುತ್ತಿದ್ದವು, ಮೂಳೆ ಚಕ್ಕಳವಾಗಿ. 1931ರಲ್ಲಿ ಆಕೆ ಲಂಡನ್ನಿನ ಪತ್ರಿಕೆಯೊಂದಕ್ಕೆ ಪತ್ರ ಬರೆದಳು. ದುಡ್ಡು ಹರಿದು ಬಂತು. ಸುಮಾರು 5000 ಹಳೇ ಯುದ್ಧದ ಕುದುರೆಗಳನ್ನು ಕೊಂಡು ಬಿಡಿಸಿದಳು, 1934ರಲ್ಲಿ ಆಸ್ಪತ್ರೆ ಕಟ್ಟಿದಳು.

ಮನುಷ್ಯರ ಕಥೆ? 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಅನ್ನುವ ವೈದ್ಯ ವೈದ್ಯಕೀಯ ಪತ್ರಿಕೆಯೊಂದರಲ್ಲಿ 'ಶೆಲ್ ಶಾಕ್' ಅನ್ನುವ ಪದ ಬಳಸಿದ. ಮೈಗೆ ಗಾಯ ಇಲ್ಲ, ಆದರೆ ಕಣ್ಣು ಕಾಣಲ್ಲ, ನೆನಪು ಇಲ್ಲ, ನಿದ್ದೆ ಇಲ್ಲ. ಹೇಡಿತನ ಅಂತ ಎಷ್ಟೋ ಜನರನ್ನು ಶಿಕ್ಷಿಸಿದ್ದೂ ಉಂಟು. ವಿಯೆಟ್ನಾಂ ಯುದ್ಧ ಮುಗಿದ ಮೇಲೆ, 1980ರಲ್ಲಿ, ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಈಗಿನ ಹೆಸರು ಸೇರಿತು: ಪಿಟಿಎಸ್‌ಡಿ. ನಮ್ಮ ಅಜ್ಜಿ ಗಾಳಿ ಸೋಕಿದೆ ಅಂದಾಗ ದೊಡ್ಡ ದೇಶಗಳ ಹತ್ತಿರವೂ ಇದಕ್ಕಿಂತ ಒಳ್ಳೆ ಹೆಸರು ಇರಲಿಲ್ಲ. ಅವಳನ್ನು ಹಂಗಿಸಬೇಡಿ.

ನಮ್ಮ ನಾಡಿನಲ್ಲಿ ಯುದ್ಧದಲ್ಲಿ ಸತ್ತವನಿಗೆ ವೀರಗಲ್ಲು ಇದೆ. ಬಳ್ಳಾರಿ ಸೀಮೆಯಲ್ಲಿ ಯಾವ ಹಳೇ ಗುಡಿ ಹತ್ತಿರ ಹೋದರೂ ಒಂದಾದರೂ ಸಿಗುತ್ತೆ. ಕುದುರೆ ಮೇಲೆ ಕೂತವನು, ಮೇಲೆ ಅಪ್ಸರೆಯರು, ಅದರ ಮೇಲೆ ಕೈಲಾಸ. ಬದುಕಿ ಬಂದವನಿಗೆ ಕಲ್ಲು ಇಲ್ಲ, ಅವನ ಕಥೆ ಕೇಳುವವರೂ ಕಡಿಮೆ. ಒಂದು ಅಪವಾದ ಇದೆ, ನನಗೆ ತುಂಬಾ ಇಷ್ಟವಾದದ್ದು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ, ಸುಮಾರು ಕ್ರಿ.ಶ. 950ರದ್ದು. ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಮ್ಯೂಸಿಯಮ್ಮಿನಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಸತ್ತ. ಗೆದ್ದವರ ಕಡೆ ಚೆನ್ನಾಗಿ ಹೋರಾಡಿದ ಮಣಲೆರನಿಗೆ ಗಂಗರ ಬೂತುಗ ಮೆಚ್ಚಿ ಏನು ಬೇಕು ಕೇಳು ಅಂದ. ಊರು ಕೇಳಬಹುದಿತ್ತು, ಚಿನ್ನ ಕೇಳಬಹುದಿತ್ತು. ಅವನು ಕೇಳಿದ್ದು ಕಾಳಿ ಅನ್ನುವ ಬೇಟೆನಾಯಿ! ಆಮೇಲೆ ಕಾಡುಹಂದಿ ಜೊತೆ ಕಾದಾಡಿ ಕಾಳಿ ಸತ್ತಾಗ ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟ. ಅಷ್ಟು ದೊಡ್ಡ ರಕ್ತಪಾತ ನೋಡಿ ಬಂದವನಿಗೆ ಒಂದು ನಾಯಿ ಯಾಕೆ ಬೇಕಾಯ್ತು? ಬೇಟೆ ಹುಚ್ಚು ಅಂತ ಇತಿಹಾಸದವರು ಹೇಳಬಹುದು. ನನಗೆ ನಮ್ಮ ತಾತ ಕೌಲ್ ಬಜಾರಿನಿಂದ ಹಗ್ಗ ಹಿಡಿದುಕೊಂಡು ಬಂದದ್ದು ನೆನಪಾಗುತ್ತೆ.

*

ಈಗಿನ ಕಾಲಕ್ಕೆ ಬರೋಣ. ಕುದುರೆ ಸವಾರಿಯನ್ನು ಚಿಕಿತ್ಸೆ ಅಂತ ಜಗತ್ತು ಗಂಭೀರವಾಗಿ ನೋಡಲು ಶುರು ಮಾಡಿದ್ದಕ್ಕೆ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಒಂದು ದೊಡ್ಡ ಕಾರಣ. 1944ರಲ್ಲಿ ಪೋಲಿಯೊ ಬಂದು ಮೊಣಕಾಲಿನ ಕೆಳಗೆ ಸ್ವಾಧೀನ ಇಲ್ಲ. ಕುದುರೆ ಹತ್ತಲು, ಇಳಿಯಲು ಬೇರೆಯವರ ಸಹಾಯ ಬೇಕು. ಆಕೆ 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಬೆಳ್ಳಿ ಗೆದ್ದಳು, 1956ರಲ್ಲಿ ಮತ್ತೆ ಬೆಳ್ಳಿ. 1969ರಲ್ಲಿ ಬ್ರಿಟನ್ ಮತ್ತು ಅಮೆರಿಕ ಎರಡೂ ಕಡೆ ಅಂಗವಿಕಲರ ಸವಾರಿಗಾಗಿ ಸಂಘಗಳು ಹುಟ್ಟಿದವು. ಆಗಿನ್ನೂ ಮಾತು ಮೈಯ ಬಗ್ಗೆ, ಮನಸ್ಸಿನ ಬಗ್ಗೆ ಅಲ್ಲ.

ಸೈನಿಕರ ಮನಸ್ಸಿನ ಕಡೆ ಗಮನ ಬಂದದ್ದು ಇರಾಕ್, ಅಫ್ಘಾನಿಸ್ತಾನದ ಯುದ್ಧಗಳ ನಂತರ. 2006ರಲ್ಲಿ ವಾಷಿಂಗ್ಟನ್ ಹತ್ತಿರದ ಫೋರ್ಟ್ ಮಯರ್‌ನಲ್ಲಿ ಒಂದು ಕಾರ್ಯಕ್ರಮ ಶುರುವಾಯ್ತು. ಅಲ್ಲಿನ ಸೈನ್ಯದ ಕುದುರೆಗಳ ದಿನನಿತ್ಯದ ಕೆಲಸ ಆರ್ಲಿಂಗ್ಟನ್ ಸ್ಮಶಾನಕ್ಕೆ ಸೈನಿಕರ ಶವಪೆಟ್ಟಿಗೆಯ ಗಾಡಿ ಎಳೆಯುವುದು. ಅವೇ ಕುದುರೆಗಳ ಮೇಲೆ, ಕೈಕಾಲು ಕಳೆದುಕೊಂಡು ಆಸ್ಪತ್ರೆಯಲ್ಲಿದ್ದ ಸೈನಿಕರನ್ನು ಕೂರಿಸಿದರು. ಸತ್ತವರನ್ನು ಒಯ್ಯುವ ಕುದುರೆ, ಬದುಕಿದವರನ್ನು ಹೊತ್ತು ಸುತ್ತಿತು. (ಕಹಿ ಟಿಪ್ಪಣಿ: 2022ರಲ್ಲಿ ಆ ದಳದ ಎರಡು ಕುದುರೆಗಳು ಕೆಲವೇ ದಿನಗಳ ಅಂತರದಲ್ಲಿ ಸತ್ತವು, ಅವುಗಳ ಮೇವು, ಜಾಗ ಸರಿ ಇಲ್ಲ ಅಂತ ಗೊತ್ತಾಯ್ತು. 2023ರಲ್ಲಿ ಶವದ ಗಾಡಿಯನ್ನೇ ನಿಲ್ಲಿಸಿ, 2025ರಲ್ಲಿ ಮತ್ತೆ ಶುರು ಮಾಡಿದರು. ವಾಸಿ ಮಾಡುವ ಕುದುರೆಯನ್ನು ಯಾರು ನೋಡಿಕೊಳ್ಳಬೇಕು?)

ಇದೆಲ್ಲ ಕೇಳಲಿಕ್ಕೆ ಚೆಂದ, ಕೆಲಸ ಮಾಡುತ್ತಾ ಅಂತ ಇಂಜಿನಿಯರ್ ತಲೆ ಕೇಳುತ್ತೆ. ಗೂಗಲಿಸಿದೆ. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರೂಡೆನ್ಸ್ ಫಿಶರ್, ಯುವಾಲ್ ನೆರಿಯಾ ಮತ್ತವರ ತಂಡ 2021ರಲ್ಲಿ ಒಂದು ಅಧ್ಯಯನ ಪ್ರಕಟಿಸಿದೆ. ಪಿಟಿಎಸ್‌ಡಿ ಇದ್ದ 63 ಮಾಜಿ ಸೈನಿಕರು, ವಾರಕ್ಕೊಂದು ಸಲ ಒಂದೂವರೆ ಗಂಟೆ, ಎಂಟು ವಾರ. ಸವಾರಿಯೇ ಇಲ್ಲ! ಕುದುರೆಗಳನ್ನು ಸುಮ್ಮನೆ ಗಮನಿಸುವುದು, ಮೈ ಉಜ್ಜುವುದು, ಹಗ್ಗ ಹಿಡಿದು ನಡೆಸುವುದು. ಜೊತೆಗೆ ಒಬ್ಬ ಮನೋಚಿಕಿತ್ಸಕ, ಒಬ್ಬ ಕುದುರೆ ಬಲ್ಲವನು. ಕೊನೆಯಲ್ಲಿ ಸುಮಾರು ಅರ್ಧ ಜನರಲ್ಲಿ ಕಾಯಿಲೆ ಗಣನೀಯವಾಗಿ ತಗ್ಗಿತ್ತು, ಮೂರು ತಿಂಗಳ ನಂತರವೂ ಆ ಸುಧಾರಣೆ ಉಳಿದಿತ್ತು. ಮಧ್ಯದಲ್ಲಿ ಬಿಟ್ಟು ಹೋದವರು ಐದೇ ಜನ. ಈ ಕಾಯಿಲೆಯ ಮಾತಿನ ಚಿಕಿತ್ಸೆಗಳನ್ನು ಎಷ್ಟು ಸೈನಿಕರು ಅರ್ಧಕ್ಕೇ ಬಿಡುತ್ತಾರೆ ಅಂತ ನೋಡಿದರೆ ಇದು ಚಿಕ್ಕ ವಿಷಯ ಅಲ್ಲ. ಆದರೆ ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ, ನಮ್ಮ ಟೆಸ್ಟಿಂಗ್ ಟೀಮಿನವರು ಇದನ್ನು ಪಾಸ್ ಮಾಡುತ್ತಿರಲಿಲ್ಲ. ಇನ್ನರ್ಧ ಜನಕ್ಕೆ ಅಷ್ಟು ಉಪಯೋಗ ಆಗಲಿಲ್ಲ ಅನ್ನುವುದೂ ಅಷ್ಟೇ ನಿಜ. ಔಷಧಿ, ಮನೋವೈದ್ಯರನ್ನು ಬಿಟ್ಟು ಕುದುರೆ ಹುಡುಕಿಕೊಂಡು ಹೋಗಿ ಅಂತ ನಾನು ಹೇಳುತ್ತಿಲ್ಲ.

ಯಾಕೆ ಕುದುರೆ? ನಾಯಿ, ಸಿಂಹದ ಹಾಗೆ ಅದು ಬೇಟೆಯಾಡುವ ಪ್ರಾಣಿ ಅಲ್ಲ, ಬೇಟೆಗೆ ಸಿಗುವ ಪ್ರಾಣಿ. ಹೆಚ್ಚುಕಡಿಮೆ ಸುತ್ತಲೂ ಕಾಣುವ ಕಣ್ಣು, ಒಂದೊಂದು ದಿಕ್ಕಿಗೆ ಒಂದೊಂದು ತಿರುಗುವ ಕಿವಿ, ಸದ್ದಾದರೆ ಮೊದಲು ಓಟ, ಆಮೇಲೆ ಯೋಚನೆ. ಯುದ್ಧದಿಂದ ಬಂದವನೂ ಹೀಗೇ ಇರುತ್ತಾನೆ. ಬಾಗಿಲ ಕಡೆ ಕಣ್ಣು, ಸದ್ದಿಗೆ ಕಿವಿ. ಎದುರಿಗಿರುವ ಮನುಷ್ಯನ ಮೈ ಬಿಗಿದಿದ್ದರೆ ಕುದುರೆಗೆ ತಕ್ಷಣ ಗೊತ್ತಾಗುತ್ತೆ, ಹತ್ತಿರ ಬಿಟ್ಟುಕೊಳ್ಳಲ್ಲ. ಆರಾಮಾಗಿರುವ ಕುದುರೆಯ ಎದೆ ನಿಮಿಷಕ್ಕೆ 28ರಿಂದ 44 ಸಲ ಅಷ್ಟೇ ಬಡಿಯುವುದು, ನಮ್ಮದಕ್ಕಿಂತ ನಿಧಾನ. ಅದನ್ನು ಸಮಾಧಾನ ಮಾಡಬೇಕಾದರೆ ಮೊದಲು ನಿಮ್ಮ ಉಸಿರು ತಗ್ಗಬೇಕು, ಹೆಗಲು ಇಳಿಯಬೇಕು. ಸುಳ್ಳು ಧೈರ್ಯ ನಡೆಯಲ್ಲ. ಆದರೆ ನೇಫಾದಲ್ಲಿ ಏನಾಯ್ತು ಅಂತ ಅದು ಕೇಳಲ್ಲ.

ತಾತ ಹೇಳಿದ್ದು ಇಷ್ಟೇ ಅಲ್ಲವಾ! 'ಕೇಳು' ಅನ್ನುವ ಒಂದೇ ಮಾತಿಗೆ ಕನ್ನಡದಲ್ಲಿ ಎರಡು ಅರ್ಥ ಇರುವುದರಿಂದ ಅವನಿಗೆ ಒಂದೇ ಸಾಲು ಸಾಕಾಯ್ತು.

ಹಾಗಂತ ತಾತ ಪೂರ್ತಿ ವಾಸಿಯಾದ ಅಂತ ಬರೆದರೆ ಸುಳ್ಳಾಗುತ್ತೆ. ದೀಪಾವಳಿಗೆ ಕೊನೆಯ ತನಕ ಹೊರಗೆ ಬರಲಿಲ್ಲ. ಆದರೆ ಕುದುರೆ ಇದ್ದ ಆ ಏಳೆಂಟು ವರ್ಷ ರಾತ್ರಿ ಕೂಗು ಕಡಿಮೆಯಾಗಿತ್ತು ಅಂತ ಅಪ್ಪ ಹೇಳುತ್ತಾರೆ. ಸಂತೆಗೆ ಹೋಗಿ ಹುರುಳಿ ಚೌಕಾಸಿ ಮಾಡುತ್ತಿದ್ದನಂತೆ, ಲಾಳ ಕಟ್ಟುವವನ ಜೊತೆ ಕೂತು ಟೀ ಕುಡಿಯುತ್ತಿದ್ದನಂತೆ. ಕುದುರೆಗಾಗಿ ಮನುಷ್ಯರ ಹತ್ತಿರ ಮಾತಾಡಬೇಕಾಗಿ ಬಂತು. ಒಂದೇ ಒಂದು ಕೇಸು, ಇದನ್ನು ಅಧ್ಯಯನ ಅಂತ ಯಾರೂ ಒಪ್ಪಲ್ಲ, ನಾನೂ ಒಪ್ಪಲ್ಲ.

ನಾನು ಹೈಸ್ಕೂಲಿನಲ್ಲಿದ್ದಾಗ ಕುದುರೆ ಸತ್ತಿತು. ಗುಡ್ಡದ ಬುಡದಲ್ಲಿ ತಾತ ತಾನೇ ಗುಂಡಿ ತೋಡಿದ, ಬೇರೆಯವರಿಗೆ ಗುದ್ದಲಿ ಕೊಡಲಿಲ್ಲ. ಇನ್ನೊಂದು ತರೋಣ ಅಂತ ಅಪ್ಪ ಅಂದರೆ "ನಾನು ಹೋದ ಮ್ಯಾಲೆ ಅದನ್ನ ಯಾರು ನೋಡ್ಕೋತಾರೆ?" ಅಂದ. ಆಮೇಲೆ ಎರಡು ವರ್ಷ ಇದ್ದ. ಕ್ವಾರಿ ಸಿಡಿಯುವ ಹೊತ್ತಿಗೆ ಸರಿಯಾಗಿ ಎದ್ದು ಖಾಲಿ ಕೊಟ್ಟಿಗೆಗೆ ಹೋಗುತ್ತಿದ್ದ. ಗೂಟದ ಮೇಲೆ ಕೈ ಇಟ್ಟುಕೊಂಡು ನಿಲ್ಲುತ್ತಿದ್ದ. ತುಟಿ ಅಲ್ಲಾಡುತ್ತಿತ್ತು. ಏನನ್ನುತ್ತಿದ್ದ ಅಂತ ನಮಗೆಲ್ಲ ಗೊತ್ತಿತ್ತು.